ಹಾಳೆಯಡಿಯ ಕಿರುಬೆರಳು

ಹೆಣ್ಣ್ ನಿಂದೇ ಅಕ್ಕ, ನಾನ್ ಬರೀ ಚಿಕ್ಕಿ, ಸಾಯುವರೆಗೂ ಅಬ್ಬಿ ಅಂದ್ ಕರ್ಸ್ಕಂಬುದಿಲ್ಲ — ಅಂದಿದ್ದಳು ಉಮಾವತಿ, ಹೆತ್ತ ವಾರದಲ್ಲೇ ಶರಣ್ಯಾಳನ್ನು ನನ್ನ ಮಡಿಲಿಗಿಟ್ಟು, ಗಂಡ ಬಿಟ್ಟುಹೋದ ತಂಗಿ, ಮಕ್ಕಳಾಗದ ಅಕ್ಕ, ಇಬ್ಬರಿಗೂ ಬೇಕಾಗಿದ್ದ ಮಾತು ಅದು, ಅವಳು ಚಿಕ್ಕಮ್ಮ, ನಾನು ಅಮ್ಮ, ಈಗ ನಮ್ಮಂಗಳದಲ್ಲಿ, ಭತ್ತ ಬೇಯಿಸುವ ಹಂಡೆಯ ಪಕ್ಕ, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡವಳು ಅವಳೇ, ಹೆಮ್ಮಾಡಿಯಲ್ಲಿ ನಿಲ್ಲುವ ಆಂಬುಲೆನ್ಸಿನ ನರ್ಸು, ಫೋನ್ ಮಾಡಿದ್ದೇ ಗಾಡಿ ಸಮೇತ ಬಂದವಳು, ನೀಲಿ ಅಂಗಿಯ ಇಸ್ತ್ರಿ ಕೂಡ ಮುರಿದಿಲ್ಲ, ನನ್ನ ಸೀರೆಗೆ ಬೆಳಗಿನಿಂದ ಹೊಗೆ, ನೋವಿಗೆ ಸೊಂಟ ನನ್ನದಲ್ಲ, ಬಿಸಿನೀರು ಬಗ್ಗಿಸುವಾಗ ಮಗು ಅಡ್ಡ ಬಂತು, ಕೈ ಸುಟ್ಟಿತು, ನಾನೇ ಎತ್ತಿಕೊಂಡು ಒಳಗೆ ಓಡಿದೆ, ಅದರ ಕೈತುಂಬ ತೆಂಗಿನೆಣ್ಣೆ ಹಚ್ಚಿದೆ, ನನಗೆ ಸುಟ್ಟಾಗ ಅಮ್ಮ ಹಚ್ಚುತ್ತಿದ್ದ ಹಾಗೆ — ಹ್ವಾಯ್ ಅಕ್ಕ, ಎಣ್ಣಿ ಎಂತಕ್ ಹಾಕ್ದೆ, ಬಿಸಿ ಒಳಗೇ ಕೂಕಂತ್ತಲ್ದಾ — ಬಾವಿ ನೀರು ಹೊಯ್ದು ಹೊಯ್ದು ನನ್ನ ಎಣ್ಣೆಯನ್ನೆಲ್ಲ ತೊಳೆದಳು, ತೊಳೆಯಲಿ, ಕೈ ಉಳಿಯಲಿ, ಅಷ್ಟು ಮುದ್ದಾಗಿ ತೊಳೆಯಬೇಕಿತ್ತೇ, ಆಮೇಲೆ ಪೊಟ್ಟಣ ಹರಿದು ಸುಟ್ಟಗಾಯಕ್ಕೆ ಹಾಕುವ ಒದ್ದೆ ಹಾಳೆ, ತೆಳ್ಳಗೆ, ಎಳನೀರಿನ ಗಂಜಿಯ ಹಾಗೆ ಲೋಳೆಲೋಳೆ, ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ಹೊದಿಸಿದಳು, ಎಂತ ಇದ್ ಚಿಕ್ಕಿ, ಬೊಂಡದ ಗಂಜಿಯಾ, ಹೌದ್ ಮಗಾ, ತಿಂಬುಕಿಲ್ಲ, ತಂಪ್ ಆಪುಕೆ ಮಾತ್ರ — ಮಗು ನಕ್ಕಿತು, ನನ್ನ ತೊಡೆಯ ಮೇಲೆ ಕಿರುಚಿದ್ದು ಅವಳ ತೊಡೆಯ ಮೇಲೆ ನಕ್ಕಿತು.

ಬೇಲಿಯಾಚೆಯಿಂದ ಪಕ್ಕದ ಮನೆಯ ಅಮ್ಮಣ್ಣಿ, ಜಲಜಕ್ಕಾ, ನಿಮ್ ತಂಗಿ ಮುಟ್ಟಿದ್ದೇ ಹೆಣ್ಣ್ ಗಪ್‌ಚಿಪ್ ಕಾಣಿ, ರಕ್ತ ಗುರ್ತ್ ಹಿಡಿತ್ತಪ್ಪಾ — ನಗುತ್ತಾಳೆ, ಅವಳಿಗೆ ಎಷ್ಟು ಗೊತ್ತು, ಹಾಳೆ ಗಾಜಿನ ಹಾಗೆ, ಅದರಡಿ ಎಲ್ಲ ಕಾಣುತ್ತಿದೆ, ಕೆಂಪು ಚರ್ಮ, ಒಳಕ್ಕೆ ಸೊಟ್ಟಗಾದ ಕಿರುಬೆರಳು, ಅದರ ಮೇಲೆ ಹಾಳೆ ಒತ್ತುತ್ತಿರುವ ಉಮಾವತಿಯ ಕಿರುಬೆರಳು, ಅದೂ ಸೊಟ್ಟ, ಅದೇ ಸೊಟ್ಟ, ನನ್ನದು ನೆಟ್ಟಗಿದೆ, ಏಳು ವರ್ಷ ಅನ್ನ ಕಲಸಿ ಉಣಿಸಿದ್ದು ಈ ನೆಟ್ಟಗಿನದು, ಜ್ವರದಲ್ಲಿ ಹಣೆ ಒರೆಸಿದ್ದು ಈ ನೆಟ್ಟಗಿನದು, ಒಂದು ಹಾಳೆ ಹೊದಿಸಿದ್ದಕ್ಕೆ ಅವಳ ಕುತ್ತಿಗೆಗೆ ಜೋತುಬಿದ್ದು, ಚಿಕ್ಕಿ, ಇನ್ಮೇಲೆ ನೀನೇ ನನ್ ಅಬ್ಬಿ, ಅಂತು ಮಗು.

ಉಮಾವತಿಯ ಕೈ ನಿಂತಿತು, ನನ್ನತ್ತ ನೋಡಿದಳು, ನಾನು ಕಣ್ಣು ತಗ್ಗಿಸಲಿಲ್ಲ, ಹೇಳು ನೋಡುವ, ಒಂದು ಹೂಂ ಸಾಕು, ನನ್ನ ಮನೆ ಬರಿದು — ನಿನ್ ಅಬ್ಬಿ ಅಲ್ಲಿತ್ತ್ ಕಾಣ್, ಮೊದ್ಲ್ ಎತ್ಕಂಡ್ ಓಡಿದ್ದ್ ಯಾರ್ ಹೇಳ್, ಹೋಗ್ ಅವ್ಳ್ ಹತ್ರ — ಎತ್ತಿ ನನ್ನ ಮಡಿಲಿಗಿಟ್ಟಳು, ಅವತ್ತಿನ ಹಾಗೆಯೇ, ನಡಿ ಅಕ್ಕ, ಕುಂದಾಪುರದಲ್ಲಿ ಡಾಕ್ಟ್ರಿಗ್ ತೋರ್ಸುವ, ಅಂದು ಮುಖ ತಿರುಗಿಸಿ ಆಂಬುಲೆನ್ಸಿನ ಬಾಗಿಲು ತೆಗೆಯಲು ಹೋದಳು, ಮಗುವಿನ ಕೈ ನನ್ನ ಎದೆಗೆ ತಣ್ಣಗೆ ತಾಗಿತು, ಮುಚ್ಚಲು ಸೆರಗು ಎಳೆದೆ, ಸುಟ್ಟದ್ದರ ಮೇಲೆ ಸೆರಗು ಮುಟ್ಟಿಸಬಾರದು, ಬಿಟ್ಟೆ, ಹಾಳೆಯಡಿ ಆ ಸೊಟ್ಟ ಕಿರುಬೆರಳು, ಆ ಕಿರುಬೆರಳು.

ಉಮಾವತಿ ಮಾತು ಉಳಿಸಿಕೊಂಡಳು.