ಪರಮಶಿವಯ್ಯನ ಬತ್ತಿದ ಬಾವಿ

ಪರಮಶಿವಯ್ಯನ ಬಾವಿ ಬತ್ತಿದೆಯೆಂಬುದು ಊರಿಗೆಲ್ಲ ಗೊತ್ತಿತ್ತು, ಬಾವಿಯೊಂದನ್ನು ಬಿಟ್ಟು. ಯುದ್ಧಕಾಲದ ಆ ಬೇಸಿಗೆಯಲ್ಲಿ ಹೊಳೆನರಸೀಪುರದ ಆಚೆಯ ಆ ಊರಿನ ಬಾವಿಗಳೆಲ್ಲ ತಳ ಕಂಡಿದ್ದವು. ಇವನದು ಮಾತ್ರ ಎತ್ತರದ ಗೋಡೆಯೊಳಗೆ ತುಂಬಿಕೊಂಡು ಕೂತಿತ್ತು. ಒಂದು ಬಿಂದಿಗೆ ಕೊಟ್ಟರೆ ಊರೇ ಬಾಗಿಲಿಗೆ ಬರುತ್ತದೆ, ಎಲೆತೋಟ ಒಣಗುತ್ತದೆ ಎಂಬ ಭಯ ಮಹಾನುಭಾವನಿಗೆ. ನೀರಿಲ್ಲದೆ ವೀಳ್ಯದೆಲೆ ಹೇಗೆ ಹಸುರಾಗಿದೆ ಎಂದು ಯಾರಾದರೂ ಕೇಳಿದರೆ, “ಇಬ್ಬನಿ ಕಣ್ಲಾ” ಎನ್ನುತ್ತಿದ್ದ.

ಸುಳ್ಳು ನಿಜದಂತೆ ಕಾಣಬೇಕಲ್ಲ, ಅದಕ್ಕೆ ಹೆಂಡತಿ ಗಂಗಾಂಬಿಕೆ ದಿನಾ ಬಿಂದಿಗೆ ಹೊತ್ತು ಹೇಮಾವತಿ ಹೊಳೆಗೆ ನಡೆಯುತ್ತಿದ್ದಳು. “ಹಿತ್ತಿಲಲ್ಲೇ ನೀರಿಟ್ಕಂಡು ಹೊಳೆಗೋಗೋ ಪುಣ್ಯವಂತೆ ನಾನೊಬ್ಳೇ” ಎಂದು ಸೊಂಟ ಹಿಡಿದು ಗೊಣಗುವಳು. ಅವನು ಅದನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಆಗ ಬಂದ ನೇಮಿರಾಜಯ್ಯ. ಹೊಳೆಯ ಸುತ್ತಿನ ನೆಲದಡಿ ಎಷ್ಟು ನೀರಿದೆಯೆಂದು ಅಳೆಯಲು ಸರ್ಕಾರ ಕಳಿಸಿದ್ದ ಚನ್ನರಾಯಪಟ್ಟಣದ ಕಡೆಯ ಅಧಿಕಾರಿ. ನೀರಿರುವ ಬಾವಿಯನ್ನು ಮಳೆಗಾಲದವರೆಗೆ ಊರಿಗೆ ಬಿಡಿಸುತ್ತಾರಂತೆ ಎಂಬ ಸುದ್ದಿ ಅವನಿಗಿಂತ ಮುಂಚೆಯೇ ಬಂದಿತ್ತು. ಪರಮಶಿವಯ್ಯ ಬೆಳಗಾಗುತ್ತಲೇ ಕಪಿಲೆಗೆ ಎತ್ತು ಕಟ್ಟಿ, ಬಾವಿಯ ನೀರನ್ನೆಲ್ಲ ಎತ್ತಿ ತೋಟಕ್ಕೆ ಸುರಿಸಿಬಿಟ್ಟ. ಎಲೆಬಳ್ಳಿ ಕೆಸರಲ್ಲಿ ಮುಳುಗಿದರೂ ಚಿಂತೆಯಿಲ್ಲ, ತಳ ಕಂಡಿತು.

ನೇಮಿರಾಜಯ್ಯ ಬಗ್ಗಿ ನೋಡಿ, “ಈ ಕರಿಕಲ್ಲು ಬಹಳ ಹಳೇದು. ಬೆಂಕಿಬೆಟ್ಟ ಉಗುಳಿದ್ದು” ಎಂದ.

ಪರಮಶಿವಯ್ಯನಿಗೆ ಅಷ್ಟೇ ಸಾಕಾಯಿತು. “ಬೆಂಕಿ ಉಗುಳಿದ ಕಲ್ಲು ನೀರು ಕೊಟ್ಟಾತಾ ಸಾ? ಅದ್ಕೇ ಬತ್ತೋಗದೆ.”

“ಕಲ್ಲು ಕೊಡೋದಿಲ್ಲ, ಬಿರುಕು ಕೊಡುತ್ತೆ. ಎಷ್ಟು ಕೊಡುತ್ತೆ ಅಂತ ತಿಳೀಬೇಕಾದರೆ ಬಾವಿ ಪೂರ್ತಿ ಖಾಲಿ ಮಾಡಿ, ಎಷ್ಟು ಬೇಗ ತುಂಬುತ್ತೆ ಅಂತ ನೋಡಬೇಕು. ಅರಕಲಗೂಡಿನ ಕಡೆಯೆಲ್ಲ ಅಂಗಲಾಚಿದೆ, ಯಾರೂ ಒಪ್ಪಲಿಲ್ಲ. ನೀವು ನಾನು ಕೇಳೋಕೆ ಮುಂಚೆಯೇ ಮಾಡಿಟ್ಟಿದ್ದೀರಿ. ಬಾವಿಯ ಗೋಡೆ ಇನ್ನೂ ಹಸಿಯಾಗಿದೆ.” ಹಾಗೆಂದು ಅಳತೆಪಟ್ಟಿ ಇಳಿಬಿಟ್ಟು ಹೊಂಗೆಯ ನೆರಳಲ್ಲಿ ಕೂತೇಬಿಟ್ಟ.

ಪರಮಶಿವಯ್ಯ ಅವನ ಬಳಿಗೆ ಓಡಿ, “ಬಿಸ್ಲು ಜೋರಾಗದೆ, ಒಳಗೆ ಊಟಕ್ಕೇಳಿ ಸಾ” ಎಂದು ಎಬ್ಬಿಸಲು ನೋಡಿದ. “ಇಲ್ಲೇ ತರಿಸಿ” ಎಂದ ಪುಣ್ಯಾತ್ಮ. ಅಷ್ಟರಲ್ಲಿ ಅಧಿಕಾರಿ ಬಂದಿರುವುದು ತಿಳಿದು ಊರು ಗೋಡೆಯೊಳಗೆ ನುಗ್ಗಿತ್ತು. ಕೆಳಗೆ ಜಿನುಗುವ ಸದ್ದು ಎಲ್ಲರಿಗೂ ಕೇಳಿಸತೊಡಗಿತು. ಊಟದೆಲೆ ಎತ್ತುವ ಹೊತ್ತಿಗೆ ಬಾವಿ ಮೊಣಕಾಲುದ್ದ ಏರಿತ್ತು, ಇನ್ನೂ ಏರುತ್ತಿತ್ತು.

“ಬತ್ತೋಗದೆ ಅಂದಿದ್ರಲ್ಲಾ” ಎಂದಳು ಪಕ್ಕದ ಮನೆಯ ಬಸವಲಿಂಗಮ್ಮ. ಹಾಲು ಕರೆಯುವ ಎಮ್ಮೆಗೆ ನೀರಿಲ್ಲದೆ ಅದನ್ನು ಮಾರಿಕೊಂಡವಳು ಅವಳು.

ಎಲ್ಲರ ಕಣ್ಣೂ ಅವನ ಮೇಲೆ. ಸುಳ್ಳುಗಾರನೆನಿಸಿಕೊಳ್ಳುವುದಕ್ಕಿಂತ ಭಕ್ತನಾಗುವುದು ವಾಸಿ ಎನ್ನಿಸಿತು. ಕೈ ಮುಗಿದು ಕಣ್ಣು ಮುಚ್ಚಿ, “ಬತ್ತಿದ್ದು ನಿಜ ಕಣವ್ವಾ. ಈಗ ಶಿವ ಕಣ್ಬುಟ್ಟವ್ನೆ. ಇದು ನನ್ನ ನೀರಲ್ಲ, ಶಿವ ಕೊಟ್ಟ ನೀರು” ಎಂದ.

ಗಂಡನ ಮಾತನ್ನು ಗಂಗಾಂಬಿಕೆ ಎಂದೂ ಇಷ್ಟು ಗಮನವಿಟ್ಟು ಕೇಳಿರಲಿಲ್ಲ.

“ಕೇಳಿಸ್ಕಂಡ್ರಾ? ಯಜಮಾನ್ರ ಬಾಯಲ್ಲೇ ಬಂತು. ಶಿವ ಕೊಟ್ಟದ್ದು ಅಂದ್ಮೇಲೆ ಊರಿಗೆಲ್ಲಾ ಪ್ರಸಾದ” ಎಂದು ಹಗ್ಗ ತಂದು ಗಂಡನ ಕೈಗಿಟ್ಟಳು. “ನೀವೇ ಸೇದ್ಕೊಡಿ. ಭಕ್ತರಲ್ವಾ.”

ನೇಮಿರಾಜಯ್ಯ ಅಳತೆಪಟ್ಟಿ ಸುತ್ತಿಕೊಂಡು, ಇಷ್ಟು ನೀರು ಹೊಳೆಸಾಲಿನಲ್ಲೆಲ್ಲೂ ಕಾಣಲಿಲ್ಲ, ಎಷ್ಟು ಸೇದಿದರೂ ಬತ್ತುವುದಿಲ್ಲವೆಂದು ಅವನಿಗೆ ಧೈರ್ಯ ಹೇಳಿದ. ಪರಮಶಿವಯ್ಯ ಬಸವಲಿಂಗಮ್ಮನ ಬಿಂದಿಗೆ ತುಂಬಿಸಿದ. ಅವಳ ಹಿಂದೆ ಸಾಲು ಬೀದಿಯ ತಿರುವಿನವರೆಗೂ ಬೆಳೆದಿತ್ತು.