ಬಿಳಿ ತುದಿಯ ಮುಂಗಾಲು

ಇದಲ್ಲ, ಇದು ಬರೀ ಮನೆನೊಣ, ಚಹದ ಬಸಿಯ ಅಂಚಿಗೆ ಕೂತು ಕೈ ತಿಕ್ಕಿಕೊಳ್ಳುತ್ತಿದೆ, ಕಚೇರಿ ಬಾಗಿಲಲ್ಲಿ ನಿಂತ ಹಳೆಯ ಕಳ್ಳನ ಹಾಗೆ — ಹೋಗು, ನಿನ್ನನ್ನು ಬರೆಯಲು ಯಾದಗಿರಿ ಸ್ಟೇಷನ್ನಿನ ಬೆಂಚಿಗೆ ಬಂದವನಲ್ಲ ಈ ಅಮರಪ್ಪ ಮಾಸ್ತರ, ಸುರಪುರದ ಶಾಲೆಯ ಚಿತ್ರದ ಮಾಸ್ತರ, ಭೀಮೆಯಿಂದ ಕೃಷ್ಣೆಯವರೆಗೆ ನನ್ನ ಹಾಗೆ ಗೆರೆ ಎಳೆಯುವವನು ಇನ್ನೂ ಹುಟ್ಟಿಲ್ಲ, ನಾನು ಬರೆದ ಚೇಳನ್ನು ಕಂಡು ಇನ್‌ಸ್ಪೆಕ್ಟರ್ ಸಾಹೇಬರು ಮೇಜಿನ ಮೇಲೆ ಹತ್ತಿ ನಿಂತಿದ್ದರು, ಹತ್ತಿದ್ದರೋ, ಕಾಲು ಮೇಲೆತ್ತಿಕೊಂಡಿದ್ದರೋ, ಒಟ್ಟು ಹೆದರಿದ್ದರು. ಮದರಾಸಿನ ಗಾಡಿಗೆ ಇನ್ನೊಂದು ತಾಸು, ಅಷ್ಟರಲ್ಲಿ ಈ ವಿವರ ಬರೆದು, ಡಬ್ಬಿಯ ಜೊತೆ ಕಟ್ಟಿ, ಟಪಾಲಿಗೆ ಕೊಡಬೇಕು, ಅಲ್ಲಿಯ ಅಜಾಯಬಘರದ, ಅದೇ ಮ್ಯೂಸಿಯಮ್ಮಿನ, ಸಾಹೇಬರ ಕಾಗದ ಜೇಬಿನಲ್ಲಿ ಬೆವರಿಗೆ ಮೆತ್ತಗಾಗಿದೆ — ನಿಮ್ಮ ಚಿತ್ರದಲ್ಲಿರುವಂತೆ ಗಂಡಿನ ಮುಂಗಾಲಿನ ತುದಿ ಅಗಲವಾಗಿ, ಬೆಳ್ಳಗೆ ಇರುವುದೇ ನಿಜವಾದರೆ ಇದು ಈವರೆಗೆ ಯಾರೂ ಬರೆಯದ ಉದ್ದಗಾಲಿನ ನೊಣ, ನೊಣವನ್ನೂ ವಿವರವನ್ನೂ ಕಳಿಸಿ, ಸೂಜಿಗೆ ಚುಚ್ಚಿದ ನೊಣದಲ್ಲಿ ಇಲ್ಲದ್ದು ವಿವರದಲ್ಲಿ ಇರಬಾರದು. ಇಲ್ಲದ್ದು ಇರಬಾರದಂತೆ, ಯಾರಿಗೆ ಹೇಳುತ್ತಿದ್ದೀರಿ ಸಾಹೇಬರೇ, ನಾನು ಹಿಡಿದ ಮೀನು ಎಂದೂ ಮಾರುದ್ದಕ್ಕಿಂತ ಕಡಿಮೆ ಇದ್ದದ್ದಿಲ್ಲ, ನಾನು ಕಂಡ ಹಾವು ಎಂದೂ ರಸ್ತೆಯ ಈ ಬದಿಯಲ್ಲಿ ಮುಗಿದದ್ದಿಲ್ಲ — ಸರಿ, ಬರಿ. ಉದ್ದ: ಐದು ಮಿಲಿಮೀಟರ್. ಐದೇ. ಇಷ್ಟು ಸಣ್ಣ ಅಂಕಿ ಈ ಕೈ ಬರೆದದ್ದೇ ಇಲ್ಲ. ಮೈ: ಹಸಿರು, ತಾಮ್ರದ ಹೊಳಪು. ರೆಕ್ಕೆ: ಎರಡು, ತಿಳಿ, ನಡುವೆ ಹೊಗೆಯಂಥ ಒಂದು ಪಟ್ಟೆ. ನಡುಗಾಲು: ಎರಡು, ಮೈಗಿಂತ ಉದ್ದ. ಹಿಂಗಾಲು: ಎರಡು, ಅದಕ್ಕಿಂತ ಉದ್ದ. ಮುಂಗಾಲು —

ಮುಂಗಾಲು ಆವತ್ತು ಮೇಲೆದ್ದಿತ್ತು, ಬಚ್ಚಲ ಕಲ್ಲಿನ ಮೇಲೆ, ನೀರು ಇನ್ನೂ ಆರಿರಲಿಲ್ಲ, ಎಳೆ ಬಿಸಿಲು, ಜ್ವರದ ನಾಲ್ಕನೆಯ ದಿನ ನನ್ನ ಹೆಂಡತಿ ಅಯ್ಯಮ್ಮ ಕೌದಿ ಹೊದ್ದು ಹಿತ್ತಲಲ್ಲಿ ಕೂತಿದ್ದಳು, ಕ್ವಿನೈನ್ ಕಹಿಗೆ ಮುಖ ಕಿವುಚಿಕೊಂಡೇ ಕರೆದಳು, ಏ ರೀ, ಬರ್ರಿ ಇಲ್ಲಿ, ನಿಮ್ಮ ತಮ್ಮ ಬಂದಾನ. ಯಾವ ತಮ್ಮನಲೇ, ನನಗ ತಮ್ಮ ಇಲ್ಲಲ್ಲ? ಅಗೋ ನೋಡ್ರಿ, ಕಲ್ಲಿನ ಮ್ಯಾಲ, ಆಕಿ ಮುಂದ ಕಾಲೆತ್ತಿ ಬಡಾಯಿ ಕೊಚ್ಚಾಕತ್ತಾನ, ಆಕಿ ನೋಡವಲ್ಲಳು. ಬಗ್ಗಿ ನೋಡಿದೆ, ಒಂದು ಕಡಲೆಬೇಳೆಯಷ್ಟು ಹಸಿರು, ಕೂದಲಂಥ ಕಾಲುಗಳ ಮೇಲೆ ಎತ್ತರಕ್ಕೆ ನಿಂತಿತ್ತು, ಎದುರಿಗೆ ಹೆಣ್ಣು, ಗಂಡು ಒಂದು ಮುಂಗಾಲು ಎತ್ತಿತು, ತುದಿಯಲ್ಲಿ ಬಿಳಿ, ಅಕ್ಕಿಯ ನುಚ್ಚಿನಷ್ಟು ಬಿಳಿ, ಮೇಲೆ, ಕೆಳಗೆ, ಮೇಲೆ. ಅಯ್ಯಮ್ಮ ನಕ್ಕಳು, ನಾಲ್ಕು ದಿನದ ಮೇಲೆ ನಕ್ಕಳು, ನಗುತ್ತಲೇ ನೀರು ಕುಡಿದ ಗ್ಲಾಸನ್ನು ಅದರ ಮೇಲೆ ಬೋರಲು ಹಾಕಿದಳು, ಹೆಣ್ಣು ಹಾರಿತು, ಗಂಡು ಸಿಕ್ಕಿತು, ಹಿಡಿದಾಕಿ ನಾನರಿ, ಮತ್ತ ಊರೆಲ್ಲ ನೀವ ಹಿಡಿದಿರಿ ಅಂತ ಸಾರಬ್ಯಾಡ್ರಿ. ಕಾಲಿನ ತುದಿ ಬೆಳ್ಳಗ ಅದ ಅಂದ್ರ ಯಾರ ನಂಬತಾರಲೇ ಅಂದೆ. ನಿಮ್ಮನ್ನ ಯಾರೂ ನಂಬಂಗಿಲ್ಲ ಬಿಡ್ರಿ, ನಾ ಅದೀನಲ್ಲ, ನಾ ಹೇಳತೀನಿ. ಒಂಬತ್ತನೆಯ ದಿನ ಅವಳು ಇರಲಿಲ್ಲ. ಅದನ್ನು ಮಾತ್ರ ನಾನು ಹೆಚ್ಚು ಮಾಡಿಯೂ ಹೇಳಿಲ್ಲ, ಕಡಿಮೆ ಮಾಡಿಯೂ ಹೇಳಿಲ್ಲ, ಹೇಳಿಯೇ ಇಲ್ಲ. ಆಮೇಲೆ ಒಂದು ತಿಂಗಳು ದಿನಾ ಅದೇ ಕಲ್ಲಿಗೆ ನೀರು ಸುರಿದು ಎದುರಿಗೆ ಕೂತೆ, ಒಂದು ವರ್ಷ ಕೂತೆ ಎಂದು ಊರಲ್ಲಿ ಹೇಳಿದೆ, ಇನ್ನೊಂದು ಬರಲಿಲ್ಲ. ಉಳಿದದ್ದು ಈ ಡಬ್ಬಿಯಲ್ಲಿರುವ ಒಂದೇ — ಇದನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡು ಬರಲಾಗಲಿಲ್ಲವೇ ನನ್ನಿಂದ, ಬಾಯಿ ಸುಮ್ಮನಿರಬೇಕಲ್ಲ! ಸುರಪುರದ ಬಜಾರಿನಲ್ಲಿ ಮುಚ್ಚಳ ತೆಗೆದೆ, ನೋಡ್ರಪ್ಪ, ಇಡೀ ದುನಿಯಾದಾಗ ಒಂದ ಅದ, ಹತ್ತು ತಲೆ ಬಗ್ಗಿದವು, ಹತ್ತು ಬಾಯಿ ಉಸಿರಾಡಿದವು. ಮೋಟಾರು ಹತ್ತಿದ ಮೇಲೆ ಮತ್ತೆ ತೆಗೆದೆ, ಡ್ರೈವರ್ ಲಾಡ್ಲೇಸಾಬ ಒಂದು ಕೈಯಲ್ಲಿ ಚಕ್ರ ಹಿಡಿದೇ ತಿರುಗಿ ನೋಡಿದ, ಮಾಸ್ತರ್ರ, ಇದಕ್ಕೂ ಒಂದು ಟಿಕೀಟ ತಗೋರಿ, ಕಾಲು ನಿಮಗಿಂತ ಉದ್ದ ಅದಾವ, ಮೋಟಾರೆಲ್ಲ ನಕ್ಕಿತು, ನಾನೂ ನಕ್ಕೆ, ಗಾಲಿ ತಗ್ಗಿಗೆ ಬಿತ್ತು. ಶಹಾಪುರದಲ್ಲಿ ಚಹದ ಅಂಗಡಿಯ ಚಾಂದಬೀ, ಅಯ್ಯ, ಎಷ್ಟು ನಾಜೂಕ ಅದ ಮಾಸ್ತರ್ರ, ಸಾಕು ಮುಚ್ಚರಿ, ಗಾಳಿ ಬೀಸತದ, ಅವಳು ಹೇಳಿದಳು, ಅವಳಾದರೂ ಹೇಳಿದಳು, ನಾನು ಮುಚ್ಚಲಿಲ್ಲ. ಒಣಗಿದ ನೊಣದ ಕಾಲು ಎಂದರೆ ಊದುಬತ್ತಿಯ ಬೂದಿ, ಶಾಲೆಯಲ್ಲಿ ಇಪ್ಪತ್ತು ವರ್ಷ ನಾನೇ ಹೇಳಿಕೊಟ್ಟದ್ದು. ಈ ಬೆಂಚಿಗೆ ಬಂದು ಮಸೂರ ಹಿಡಿದೆ, ನಡುಗಾಲು ಎರಡು, ಹಿಂಗಾಲು ಎರಡು. ಡಬ್ಬಿಯೊಳಗಿನ ಹತ್ತಿಯನ್ನು ಎಳೆ ಎಳೆ ಬಿಡಿಸಿದೆ. ಅಂಗಿಯ ತೋಳು, ಧೋತರದ ಮಡಿಕೆ, ಉಗುರಿನ ಸಂದು. ಇಲ್ಲ.

ಅರ್ಧ ತಾಸು, ಸಿಗ್ನಲ್ಲಿನ ಕೈ ಇನ್ನೂ ಮೇಲೇ ಇದೆ, ಮನೆನೊಣ ಮತ್ತೆ ಬಂದು ಬಸಿಯ ಮೇಲೆ ಕೂತಿದೆ, ಕಾಲು ತಿಕ್ಕುತ್ತಿದೆ — ಎಷ್ಟೊಂದು ಕಾಲು ಇವೆಯಲ್ಲ ನಿನಗೆ, ಎರಡು ಕಿತ್ತರೆ, ಒಂದು ತೊಟ್ಟು ಗೋಂದು, ಅಯ್ಯಮ್ಮನ ಸುಣ್ಣದ ಡಬ್ಬಿ ನನ್ನ ಎಲೆಚೀಲದಲ್ಲೇ ಇದೆ, ಒಂದೇ ಕೂದಲಿನ ಕುಂಚ, ತುದಿಗೆ ಒಂದು ಚುಕ್ಕೆ, ಮದರಾಸಿನ ಸಾಹೇಬನೇನು, ವಿಲಾಯತಿಯ ಸಾಹೇಬ ಬಂದರೂ ಈ ಕೈಯ ಕೆಲಸ ಹಿಡಿಯಲಾರ, ಇದು ಬಡಾಯಿಯಲ್ಲ, ಹಿಡಿಯಲಾರ. ಸುಳ್ಳೂ ಅಲ್ಲವಲ್ಲ, ಇದ್ದದ್ದನ್ನೇ ಇಡುತ್ತೇನೆ, ಇಬ್ಬರೂ ಕಂಡದ್ದು, ಅವಳು ನಕ್ಕದ್ದು. ಡಬ್ಬಿ ತೆರೆದೆ, ಸುಣ್ಣ ಅಂಚಿನಲ್ಲಿ ಒಣಗಿದೆ, ನಡುವೆ ಇನ್ನೂ ಹಸಿ, ಹಸಿಯಲ್ಲಿ ಅವಳ ಬೆರಳು ಎಳೆದ ಗೆರೆ. ಕುಂಚ ಅದ್ದಿದರೆ ಗೆರೆ ಹೋಗುತ್ತದೆ. ಕುಂಚ ಹಿಡಿದ ಕೈ ಅಲ್ಲೇ ನಿಂತಿತು — ಹಚ್ಚತೀರೇನ್ರಿ, ಹಚ್ಚರಿ, ಮಾರುದ್ದದ ಮೀನಿನ ಜೋಡಿ ಇದೂ ಒಂದು, ಅವಳಲ್ಲದೆ ಯಾರು ಹೀಗೆ ಹೇಳುತ್ತಾರೆ, ಮೇಜು ಹತ್ತಿದ ಸಾಹೇಬನ ಜೋಡಿ, ರಸ್ತೆಯ ಈ ಬದಿಗೆ ಮುಗಿಯದ ಹಾವಿನ ಜೋಡಿ, ಅವಳ ನೊಣವೂ ಅದೇ ಸಾಲಿಗೆ ಹೋಗಿ ನಿಲ್ಲುತ್ತದೆ, ಆಮೇಲೆ ನನಗೇ ಗೊತ್ತಾಗಲಾರದು, ಕಲ್ಲಿನ ಮೇಲೆ ಕಂಡದ್ದು ಯಾವುದು, ನಾನು ಸುಣ್ಣ ಹಚ್ಚಿದ್ದು ಯಾವುದು. ಮುಚ್ಚಳ ಮುಚ್ಚಿದೆ. ನೊಣದ ಡಬ್ಬಿಯನ್ನೂ ಹೀಗೇ ಮೊದಲೇ ಮುಚ್ಚಲು ಬಂದಿದ್ದರೆ. ಲೇಖನಿ. ಮುಂಗಾಲು: ಎರಡೂ ಇಲ್ಲ. ಕಳಿಸುವವನ ಅಜಾಗ್ರತೆಯಿಂದ ದಾರಿಯಲ್ಲಿ ಕಳೆದಿವೆ. ಇನ್ನು ಇದು ಗುರುತಾಗದ ನೊಣಗಳ ಪೆಟ್ಟಿಗೆಯ ಯಾವುದೋ ಮೂಲೆಗೆ, ಹೆಸರಿಲ್ಲದೆ, ಇರಲಿ. ಸೂಜಿಗೆ ಚುಚ್ಚುವ ಚೀಟಿ ಉಗುರಿನಷ್ಟಿದೆ, ನನ್ನ ಹೆಸರು ಬರೆಯಲೆಂದು ಮೂರು ದಿನ ಕೈ ತಿದ್ದಿದ ಚೀಟಿ. ಸ್ಥಳ: ಸುರಪುರ, ಬಚ್ಚಲ ಕಲ್ಲು. ಫಸಲಿ ವರ್ಷ ೧೩೫೦, ಶಹರೇವರ ತಿಂಗಳು. ಹಿಡಿದವರು: ಅಯ್ಯಮ್ಮ. ಸಿಗ್ನಲ್ಲಿನ ಕೈ ಇಳಿಯಿತು, ಹಳಿ ಹಾಡುತ್ತಿದೆ, ಎಲ್ಲರೂ ಗಂಟು ಎತ್ತಿಕೊಳ್ಳುತ್ತಿದ್ದಾರೆ, ಏಳಬೇಕು ನಾನೂ, ಏಳಬೇಕು — ಕಲ್ಲು ಇನ್ನೂ ಆರಿಲ್ಲ, ಅವಳು ಗ್ಲಾಸು ಹಿಡಿದಿದ್ದಾಳೆ, ಇನ್ನೂ ಬೋರಲು ಹಾಕಿಲ್ಲ, ಹಸಿರು, ಕೂದಲಂಥ ಕಾಲು, ತುದಿಯಲ್ಲಿ ಅಕ್ಕಿಯ ನುಚ್ಚಿನಷ್ಟು ಬಿಳಿ, ಮೇಲೆ, ಕೆಳಗೆ, ಮೇಲೆ —