ಬರ್ತೀನಿ ಅಂದ ಮಾತು

ವಾರ್ಡಿನ ಚುನಾವಣೆಯ ಮತದಾನಕ್ಕೆ ಇನ್ನೂ ಇಪ್ಪತ್ತೆರಡು ದಿನ ಇರುವಾಗಲೇ ದಿವ್ಯಳ ಮೊಬೈಲಿನಲ್ಲಿ ಅವಳ ಸೋದರತ್ತೆ ಜಯದೇವಿ ಗೆದ್ದಾಗಿತ್ತು. ಮಾರೇನಹಳ್ಳಿ ಕಡೆಯ ಎರಡು ಸಾವಿರ ಮನೆಗಳಿಗೆ ಎರಡು ಸಾವಿರ ಚೌಕ. ನಮಗೆ ಹಾಕುವ ಮನೆ ಹಸಿರು, ಹಾಕದ ಮನೆ ಕೆಂಪು, ಹಾಗೂ ಇಲ್ಲ ಹೀಗೂ ಇಲ್ಲ ಅನ್ನುವವರು ಹಳದಿ. ಹಸಿರು ಅರ್ಧಕ್ಕಿಂತ ಎಷ್ಟೋ ಮೇಲಿತ್ತು. ಆದರೂ ಅವಳು ಅದನ್ನು ಗಂಟೆಗೆ ಹತ್ತು ಸಲ ತೆರೆದು ನೋಡುತ್ತಿದ್ದಳು. ಹಲ್ಲುನೋವಿದ್ದವರ ನಾಲಿಗೆ ಹೋಗಿ ಹೋಗಿ ಅದೇ ಹಲ್ಲನ್ನು ಮುಟ್ಟುವುದಿಲ್ಲವೇ, ಹಾಗೆ. ತರಗತಿಯಲ್ಲಿ ಪಾಠ ಮಾಡುವಾಗ ಮೇಜಿನ ಕೆಳಗೆ ನೋಡುತ್ತಿದ್ದಳು, ಸಿಗ್ನಲ್ಲಿನಲ್ಲಿ ನೋಡುತ್ತಿದ್ದಳು, ಹಾಲು ಉಕ್ಕಿ ಒಲೆ ತುಂಬ ಆದ ಮೇಲೂ ನೋಡುತ್ತಿದ್ದಳು.

ಅದಕ್ಕೆ ಕಾರಣವಿತ್ತು. ಜಯದೇವಿ ನೀರು ಸರಬರಾಜು ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಗುಮಾಸ್ತೆಯಾಗಿದ್ದವಳು. ನಲ್ಲಿಯಲ್ಲಿ ಗಾಳಿ ಬಂದರೂ, ಬಿಲ್ಲಿನಲ್ಲಿ ಸೊನ್ನೆ ಹೆಚ್ಚಾಗಿ ಬಂದರೂ ಜನ ಅವಳ ಕೌಂಟರಿಗೇ ಬರುತ್ತಿದ್ದರು. ನಿವೃತ್ತಿಗೆ ಇನ್ನು ನಾಲ್ಕು ವರ್ಷ ಇತ್ತು. ಸರ್ಕಾರಿ ಕೆಲಸದಲ್ಲಿದ್ದುಕೊಂಡು ಚುನಾವಣೆಗೆ ನಿಲ್ಲುವ ಹಾಗಿಲ್ಲ. ಬಸವೇಶ್ವರನಗರದ ಕಾಲೇಜೊಂದರಲ್ಲಿ ಮನಃಶಾಸ್ತ್ರ ಕಲಿಸುವ ದಿವ್ಯ, ತಾಯಿ ಸತ್ತ ಮೇಲೆ ತನ್ನನ್ನು ಸಾಕಿದ ಈ ಅತ್ತೆಯ ಮುಂದೆ ಆ ಬಣ್ಣದ ಚೌಕಗಳನ್ನು ಹಿಡಿದಿದ್ದಳು.

“ನಿನ್ ಲೆಕ್ಕ ಸರಿ ತಾನೇ ಪುಟ್ಟಿ?” ಎಂದು ಅತ್ತೆ ಒಂದೇ ಒಂದು ಸಲ ಕೇಳಿದ್ದಳು.

“ನೂರಕ್ಕೆ ನೂರು ಅತ್ತೆ.”

ಮಾರನೇ ದಿನ ಜಯದೇವಿ ರಾಜೀನಾಮೆ ಕೊಟ್ಟು ಬಂದಳು. ಪಕ್ಷೇತರ ಅಭ್ಯರ್ಥಿ, ಗುರುತು ನಲ್ಲಿ. ಆ ‘ನೂರಕ್ಕೆ ನೂರು’ ಅಂದಿನಿಂದ ದಿವ್ಯಳನ್ನು ಒಂದು ಕಡೆ ಕೂರಲು ಬಿಟ್ಟಿರಲಿಲ್ಲ.

ಎದುರಾಳಿ ಕಾಂತರಾಜು ಹಿಂದೆ ಐದು ವರ್ಷ ವಾರ್ಡಿನ ಸದಸ್ಯನಾಗಿದ್ದವನು. ಅವನು ಮಾಡಿಸಿದ ಕೆಲಸವನ್ನು ಹುಡುಕಲು ಭೂತಗನ್ನಡಿ ಬೇಕು. ಆದರೂ ಜನ ಅವನನ್ನು ಕಂಡರೆ ಬಾಗಿಲು ಅಗಲ ತೆರೆಯುತ್ತಿದ್ದರು. ದಿವ್ಯ ಇದಕ್ಕೂ ಉತ್ತರ ಬರೆದಿಟ್ಟುಕೊಂಡಿದ್ದಳು. ಮತ್ತೆ ಮತ್ತೆ ಕಂಡ ಮುಖವನ್ನು ಮನಸ್ಸು ತನ್ನಷ್ಟಕ್ಕೇ ಒಳ್ಳೆಯ ಮುಖವೆಂದು ನಂಬಿಬಿಡುತ್ತದೆ. ಕಾಂತರಾಜು ವಾರ್ಡಿನ ಒಂದು ಸಾವಿನ ಮನೆಯನ್ನೂ ತಪ್ಪಿಸುತ್ತಿರಲಿಲ್ಲ, ಕಾರಿನಲ್ಲಿ ಯಾವಾಗಲೂ ಒಂದು ಹಾರ ಇರುತ್ತಿತ್ತು. “ಚರಂಡಿ ಮಾಡ್ಸಿದ್ರೆ ಮರೀತಾರೆ, ಚಟ್ಟಕ್ಕೆ ಹೆಗಲು ಕೊಟ್ರೆ ಮರೆಯಲ್ಲ” ಎಂದು ಫ್ಲೆಕ್ಸ್ ಅಂಗಡಿಯ ರವಿಕುಮಾರ್ ಹೇಳುತ್ತಿದ್ದ. ಜಯದೇವಿಯ ಪ್ರಚಾರದ ಓಡಾಟವೆಲ್ಲ ಅವನದೇ.

ದಿವ್ಯ ಅದಕ್ಕೆ ಮದ್ದು ಅರೆದಳು. ಗೆದ್ದವರು ಈ ಕಡೆ ತಲೆ ಹಾಕುವುದಿಲ್ಲ ಎಂಬುದು ಎಲ್ಲ ಮನೆಯ ದೂರು. ಮನುಷ್ಯನ ನೆನಪಿನಲ್ಲಿ ಉಳಿಯುವುದು ಕಡೆಗೆ ಕೇಳಿದ ಮಾತು. ಹಾಗಾಗಿ ಪ್ರತಿ ಮನೆಯಿಂದ ಹೊರಡುವಾಗ ಅತ್ತೆ ಕೈಮುಗಿದು, ಕಣ್ಣಲ್ಲಿ ಕಣ್ಣಿಟ್ಟು, “ಬರ್ತೀನಿ, ಮತ್ತೆ ಬಂದೇ ಬರ್ತೀನಿ” ಅನ್ನಬೇಕು. ಅತ್ತೆಗೆ ಫೈಲು ಓದಲು ಬರುತ್ತಿತ್ತೇ ಹೊರತು ಭಾಷಣ ಬರುತ್ತಿರಲಿಲ್ಲ. ಕನ್ನಡಿಯ ಮುಂದೆ ನಿಲ್ಲಿಸಿ ನಲವತ್ತು ಸಲ ಹೇಳಿಸಿದಳು. ಒಂದು ವಾರದಲ್ಲಿ ಆ ಮಾತು ಅತ್ತೆಯ ಬಾಯಲ್ಲಿ ಎಷ್ಟು ಪಳಗಿತೆಂದರೆ ತರಕಾರಿ ಗಾಡಿಯವನಿಗೂ ಹಾಗೇ ಹೇಳಿ ಬರುತ್ತಿದ್ದಳು.

ಆಗ ಮೂರನೇ ಕ್ರಾಸಿನ ದೊಡ್ಡಹನುಮಯ್ಯ ತೀರಿಕೊಂಡರು. ಹಿಂದೆ ಬಿನ್ನಿಪೇಟೆಯ ಗಿರಣಿಯಲ್ಲಿ ಮಗ್ಗದ ಕೆಲಸ ಮಾಡಿದ್ದವರು, ಐವತ್ತು ವರ್ಷ ಅದೇ ಬೀದಿಯಲ್ಲಿದ್ದವರು. ಬೆಳಗ್ಗೆ ಎಂಟಕ್ಕೆ ರವಿಕುಮಾರ್ ಫೋನು ಮಾಡಿದ. “ಬೇಗ ಬನ್ನಿ ಮೇಡಂ, ಅಕ್ಕನ್ನ ಕರ್ಕೊಂಡ್ ಬನ್ನಿ. ಕಾಂತರಾಜು ಆಗ್ಲೇ ಬಂದು ಕೂತವ್ರೆ.”

ಇಬ್ಬರೂ ಓಡಿದರು. ಕಾಂತರಾಜು ಹಾರ ಹಾಕಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಸ್ವಲ್ಪ ಹೊತ್ತು ತಲೆ ತಗ್ಗಿಸಿ ಕೂತು, ಒಂದು ಮಾತೂ ಆಡದೆ ಎದ್ದು ಹೋದ. ಏನೂ ಹೇಳದೆ ಹೋದನಲ್ಲ, ನಮಗೇ ಒಳ್ಳೆಯದು ಎಂದುಕೊಂಡಳು ದಿವ್ಯ. ಜಯದೇವಿ ಮಾತ್ರ ನಿಜವಾಗಿ ಅತ್ತಳು. ತಿಂಗಳು ತಿಂಗಳೂ ಬಿಲ್ಲನ್ನು ನಾಲ್ಕು ಮಡಿಕೆ ಮಾಡಿ ಅಂಗಿ ಜೇಬಲ್ಲಿಟ್ಟುಕೊಂಡು ಅವಳ ಕೌಂಟರಿಗೆ ಬರುತ್ತಿದ್ದ ಹಿರಿಯರು, “ಚೆನ್ನಾಗಿದೀಯೇನಮ್ಮ” ಎಂದು ಕೇಳದೆ ಹೋದವರೇ ಅಲ್ಲ. ಅಳು ನುಂಗಿಕೊಂಡು ಎದ್ದವಳು ಹೆಣದ ಕಡೆ ತಿರುಗಿ ಕೈಮುಗಿದಳು.

“ಬರ್ತೀನಿ,” ಅಂದಳು. “ಮತ್ತೆ ಬಂದೇ ಬರ್ತೀನಿ.”

ಹೆಣದ ಪಕ್ಕ ಬೀಸಣಿಗೆ ಬೀಸುತ್ತಿದ್ದವರ ಕೈ ನಿಂತಿತು.

ನಮ್ಮ ಕಡೆ ಯಾರ ಮನೆಯಿಂದ ಹೊರಟರೂ ‘ಹೋಗ್ತೀನಿ’ ಅನ್ನಬಾರದು, ‘ಬರ್ತೀನಿ’ ಅನ್ನಬೇಕು. ಸಾವಿನ ಮನೆಯೊಂದೇ ಬೇರೆ. ಅಲ್ಲಿಂದ ಏನೂ ಹೇಳದೆ ಎದ್ದು ನಡೆಯಬೇಕು. ಅಲ್ಲಿ ‘ಮತ್ತೆ ಬರ್ತೀನಿ’ ಅಂದರೆ ಇಂಥದೇ ಇನ್ನೊಂದು ದಿನ ಬರಲಿ ಎಂದು ಹಾರೈಸಿದ ಹಾಗೆ. ಇದನ್ನು ಯಾರೂ ಯಾರಿಗೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ. ದಿವ್ಯಳಿಗೂ ಗೊತ್ತಿತ್ತು, ಜಯದೇವಿಗಂತೂ ಗೊತ್ತೇ ಇತ್ತು. ಬಾಯಿಗೆ ಗೊತ್ತಿರಲಿಲ್ಲ, ಅಷ್ಟೆ. ಅದನ್ನು ಪಳಗಿಸಿದವಳು ಪಕ್ಕದಲ್ಲೇ ನಿಂತಿದ್ದಳು.

“ಬಿಡ್ತು ಅನ್ನಮ್ಮ! ಬಿಡ್ತು ಅನ್ನು!” ಎಂದು ಮೂಲೆಯಿಂದ ಯಾರೋ ಹೆಂಗಸು ಕೂಗಿದಳು. ಆಡಿದ ಕೆಟ್ಟ ಮಾತನ್ನು ಅಳಿಸುವುದು ಆ ಒಂದು ಪದ. ಜಯದೇವಿ ಅದನ್ನು ಅನ್ನುವ ಮೊದಲೇ ದಿವ್ಯ ಅವಳ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಬಂದಳು. ಚಪ್ಪಲಿ ಮೆಟ್ಟುವಾಗಲೇ ಮೊಬೈಲು ತೆಗೆದು ಆ ಮನೆಯನ್ನು ಕೆಂಪು ಮಾಡಿದಳು.

ಒಂದು ವಾರದಲ್ಲಿ ಮರೆಯುತ್ತಾರೆ ಎಂಬುದು ದಿವ್ಯಳ ಅಂದಾಜು. ಮರೆಯುತ್ತಿದ್ದರೋ ಏನೋ. ಒಂಬತ್ತನೇ ದಿನ ದೊಡ್ಡಹನುಮಯ್ಯನವರ ಪಕ್ಕದ ಮನೆಯಲ್ಲಿದ್ದ ಅವರ ತಮ್ಮ ತೀರಿಕೊಂಡರು. ಆರು ತಿಂಗಳಿಂದ ಹಾಸಿಗೆ ಹಿಡಿದಿದ್ದ ಜೀವ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎಂದು ಗಾದೆ ಕಟ್ಟಿದ್ದು ಇದೇ ಜನ. ಆದರೆ ಗಾದೆ ಇರುವುದು ಇನ್ನೊಬ್ಬರ ಟೊಂಗೆಗೆ, ತಮ್ಮ ಬೀದಿಯ ಟೊಂಗೆ ಮುರಿದಾಗ ಎಲ್ಲರೂ ಕಾಗೆಯನ್ನೇ ಹುಡುಕುತ್ತಾರೆ.

“ನಾನೊಂದ್ ಸಲ ಹೋಗ್ಬಂದ್ಬಿಡ್ಲಾ?” ಎಂದಳು ಜಯದೇವಿ.

“ಬೇಡವೇ ಬೇಡ. ಗಾಯ ಕೆರೆದ ಹಾಗಾಗುತ್ತೆ. ಆ ಬೀದಿ ಕಡೆ ಕಾಲೇ ಇಡ್ಬೇಡ.”

ಅದಕ್ಕೂ ಬೀದಿಯಲ್ಲಿ ಮಾತು ಹುಟ್ಟಿತು. ಬರ್ತೀನಿ ಅಂದವಳು ಯಮನನ್ನು ಕಳಿಸಿದಳು, ತಾನು ಬರಲಿಲ್ಲ.

ದಿವ್ಯಳಿಗೆ ಸಿಟ್ಟು ನೆತ್ತಿಗೇರಿತು. ರವಿಕುಮಾರನ ಅಂಗಡಿಗೆ ಹೋಗಿ ಕರಪತ್ರದ ಒಕ್ಕಣೆ ಕೊಟ್ಟಳು: ಮೂಢನಂಬಿಕೆಗೆ ಬಲಿಯಾಗಬೇಡಿ, ಬುದ್ಧಿಯಿಂದ ಮತ ಹಾಕಿ. ರವಿಕುಮಾರ್ ಅದನ್ನು ಎರಡು ಸಲ ಓದಿದ.

“ಮೇಡಂ, ನೀವೆಲ್ಲ ದಡ್ಡರು ಅಂತ ಪ್ರಿಂಟ್ ಹಾಕ್ಸಿ ಮನೆಮನೆಗೆ ಕೊಡ್ತೀರಾ?”

“ಸತ್ಯ ಹೇಳೋದ್ರಲ್ಲಿ ತಪ್ಪೇನಿದೆ ಸಾರ್?”

“ತಪ್ಪೇನಿಲ್ಲ. ವೋಟೂ ಇರಲ್ಲ.”

ಆದರೂ ಹಾಕಿಸಿದಳು. ಗೊತ್ತಿಲ್ಲದವರಿಗೂ ಸಂಗತಿ ಗೊತ್ತಾಯಿತು. ಮೊದಲು ಕುಂಕುಮದ ಬಟ್ಟಲು ಹಿಡಿದು ಬಾಗಿಲಿಗೆ ಬರುತ್ತಿದ್ದ ಹೆಂಗಸರು ಈಗ ಕಿಟಕಿಯ ಹಿಂದೆ ನಿಂತು “ಮನೇಲಿ ಯಾರೂ ಇಲ್ಲ” ಎಂದು ತಾವೇ ಹೇಳತೊಡಗಿದರು. ಹಸಿರು ಚೌಕಗಳು ದಿನಕ್ಕೆ ಮೂವತ್ತು ನಲವತ್ತರಂತೆ ಬಣ್ಣ ಕಳೆದುಕೊಂಡವು. ದಿವ್ಯ ಪಾಠದ ನಡುವೆ ವಾಕ್ಯ ಮರೆತು ನಿಲ್ಲುತ್ತಿದ್ದಳು. ಊಟಕ್ಕೆ ಕೂತವಳು ತುತ್ತು ಕೈಯಲ್ಲೇ ಹಿಡಿದು ಎದ್ದು ಓಡಾಡುತ್ತಿದ್ದಳು.

ಒಂದು ಸಂಜೆ ಬೇಕರಿಯ ಮುಂದೆ ಕಾಂತರಾಜು ಸಿಕ್ಕ. ದಿವ್ಯ ಅಲ್ಲೇ ಹಿಡಿದುಕೊಂಡಳು. “ಒಂದು ಹೆಂಗಸಿನ ಮೇಲೆ ಇಂಥ ಮಾತು ಹಬ್ಸಿದೀರಲ್ಲ, ನಾಚಿಕೆ ಆಗಲ್ವಾ ನಿಮ್ಗೆ?”

ಅವನು ಟೀ ಲೋಟ ಕೆಳಗಿಟ್ಟ. “ನಾನು ಹಬ್ಸಿಲ್ಲಮ್ಮ. ನಾನು ಬಾಯೇ ಬಿಟ್ಟಿಲ್ಲ. ನಿಮ್ಮತ್ತೆ ಒಳ್ಳೇವ್ರು, ನನಗಿಂತ ಒಳ್ಳೇವ್ರು. ಸಾವಿನ ಮನೆಗೆ ನಾನು ವೋಟಿಗೆ ಹೋಗ್ತೀನಿ ಅಂತ ನೀವು ಬರ್ಕೊಂಡಿರ್ತೀರಿ. ನಮ್ಮಪ್ಪ ಸತ್ತಾಗ ಹೊರೋಕೆ ನಾಲ್ಕು ಜನ ಸಿಕ್ಲಿಲ್ಲ. ಆವತ್ತಿಂದ ಯಾವ ಸಾವು ಕೇಳಿದ್ರೂ ನಂಗೆ ಮನೇಲಿ ಕೂರಕ್ಕಾಗಲ್ಲ,” ಎಂದ.

ಇದು ನಿಜವೋ ನಾಟಕವೋ ದಿವ್ಯಳಿಗೆ ತಿಳಿಯಲಿಲ್ಲ. ತಿಳಿಯಲಿಲ್ಲ ಎಂಬುದೇ ಅವಳನ್ನು ಮನೆವರೆಗೂ ಕೊರೆಯಿತು.

ಇಷ್ಟೆಲ್ಲದರ ನಡುವೆ ಮನೆಯಲ್ಲಿ ಒಂದು ಬದಲಾವಣೆಯಾಗಿತ್ತು. ಜಯದೇವಿ ಅಂಗಡಿಗೆ ಹೊರಟರೂ, ದೇವಸ್ಥಾನಕ್ಕೆ ಹೊರಟರೂ ಈಗ ಏನೂ ಹೇಳುತ್ತಿರಲಿಲ್ಲ. ಬಾಗಿಲು ಎಳೆದುಕೊಂಡ ಸದ್ದು ಕೇಳುತ್ತಿತ್ತು, ಅಷ್ಟೆ. ದಿವ್ಯ ಅದನ್ನು ಗಮನಿಸಿದಳು. ಸುಸ್ತಾಗಿರಬೇಕು ಎಂದುಕೊಂಡು ಮತ್ತೆ ಮೊಬೈಲು ನೋಡಿದಳು.

ಮತದಾನದ ದಿನ ಶಾಲೆಯ ಗೇಟಿನ ಹೊರಗೆ ದಿವ್ಯ ಕಾಯುತ್ತಾ ನಿಂತಳು. ಒಳಗೆ ಹೋದ ಅತ್ತೆ ಎಷ್ಟು ಹೊತ್ತಾದರೂ ಬರಲಿಲ್ಲ. ಕೊನೆಗೆ ಬೆರಳಿನ ಶಾಯಿ ನೋಡಿಕೊಳ್ಳುತ್ತಾ ಬಂದವಳು “ಆಯ್ತು, ನಡಿ” ಎಂದಳು. ಎಣಿಕೆಯ ದಿನ ಮಧ್ಯಾಹ್ನ ಒಂದು ಗಂಟೆಗೆ ಗೊತ್ತಾಯಿತು. ಜಯದೇವಿ ಇನ್ನೂರ ಹನ್ನೆರಡು ಮತಗಳಿಂದ ಸೋತಿದ್ದಳು.

ದಿವ್ಯ ಮನೆಗೆ ಬಂದಾಗ ಅತ್ತೆ ನೆಲದ ಮೇಲೆ ಕೂತು ದಂಟಿನ ಸೊಪ್ಪು ಬಿಡಿಸುತ್ತಿದ್ದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ವಿವರಣೆಗಳೆಲ್ಲ ಆ ಸೊಪ್ಪಿನ ರಾಶಿಯ ಮುಂದೆ ಎಲ್ಲಿ ಹೋದವೋ.

“ಅತ್ತೆ, ನೂರಕ್ಕೆ ನೂರು ಅಂದಿದ್ದೆ ನಾನು. ನನ್ ಮಾತು ಕೇಳಿ ಕೆಲ್ಸ ಬಿಟ್ಟೆ. ಆ ಮಾತು ನಿನ್ನ ಬಾಯಿಗೆ ಹಾಕ್ದೋಳೂ ನಾನೇ.” ಅವಳಿಗೆ ಅಳು ಬಂತು. “ಈ ಜನಕ್ಕೆ ತಲೆ ಇಲ್ಲ ಅತ್ತೆ. ಯಾರೋ ಆರು ತಿಂಗಳಿಂದ ಮಲಗಿದ್ದೋರು ಸತ್ರೆ ಅದು ನಿನ್ನಿಂದ ಅಂತಾರಲ್ಲ...”

“ಜನಾನ ಯಾಕೆ ಬೈತೀಯ,” ಎಂದಳು ಜಯದೇವಿ. “ನಾನೂ ನನಗೆ ಹಾಕ್ಕೊಳ್ಲಿಲ್ಲ ಕಣೇ.”

ದಿವ್ಯಳಿಗೆ ಅರ್ಥವಾಗಲಿಲ್ಲ.

“ಕಾಂತರಾಜುಗೆ ಹಾಕ್ದೆ. ನಲ್ಲಿ ಗುರುತಿನ ಮೇಲೆ ಬೆರಳಿಟ್ಟೆ, ಒತ್ತಕ್ಕೆ ಆಗ್ಲಿಲ್ಲ. ನನ್ನ ಬಾಯಿಂದ ಒಂದು ಜೀವ ಹೋಯ್ತು ಅಂತ ಬೀದಿಯೆಲ್ಲ ಅಂದ್ರು. ನೀನೊಬ್ಳು ಅಲ್ಲ ಅಂದೆ. ಆದ್ರೆ ಅಲ್ಲಿ ಒಳಗೆ ನೀನಿರ್ಲಿಲ್ಲ ಪುಟ್ಟಿ, ನಾನೊಬ್ಳೇ ಇದ್ದೆ.”

ಎರಡು ಸಾವಿರ ಮನೆಗಳ ಬಾಗಿಲು ತಟ್ಟಿ ಕೇಳಿದ್ದಳು ದಿವ್ಯ. ತಾನು ದಿನವೂ ಉಣ್ಣುವ ಮನೆಯಲ್ಲಿ ಕೇಳಿರಲಿಲ್ಲ. ಅವಳು ಅತ್ತೆಯ ಪಕ್ಕದಲ್ಲಿ ಕೂತು ಒಂದು ದಂಟು ತೆಗೆದುಕೊಂಡು ನಾರು ತೆಗೆಯತೊಡಗಿದಳು.

ಮುಂದಿನ ಸೋಮವಾರ, ಎರಡೂ ಸಾವಿನ ತಿಥಿಗಳು ಮುಗಿದ ಮೇಲೆ, ದಿವ್ಯಳೇ ಅತ್ತೆಯನ್ನು ಹೊರಡಿಸಿದಳು. ಮೂರನೇ ಕ್ರಾಸಿನಲ್ಲಿ ಒಂದಿಬ್ಬರು ಇವರನ್ನು ಕಂಡು ಒಳಗೆ ಸರಿದರು. ದೊಡ್ಡಹನುಮಯ್ಯನವರ ಹೆಂಡತಿ ಅಂಜನಮ್ಮ ಜಗಲಿಯ ಮೇಲೆ ಅಕ್ಕಿ ಹಸನು ಮಾಡುತ್ತಾ ಕೂತಿದ್ದರು. ಇಬ್ಬರನ್ನೂ ಕತ್ತೆತ್ತಿ ನೋಡಿದರು.

“ಇಷ್ಟ್ ದಿನ ಬೇಕಾಯ್ತೇನಮ್ಮ ಬರೋಕೆ? ಬರ್ತೀನಿ ಅಂದಿದ್ದೆ.”

ಜಯದೇವಿ ಮೆಟ್ಟಿಲ ಮೇಲೇ ಕುಸಿದು ಕೂತಳು. “ತಪ್ಪಾಯ್ತು ಅಂಜನಮ್ಮ. ಬಾಯಿ ತಪ್ಪಿ ಬಂತು. ನಿಮ್ಮ ಮೈದುನ...”

“ಅವ್ನು ಆರು ತಿಂಗ್ಳಿಂದ ಹೋಗ್ತೀನಿ ಹೋಗ್ತೀನಿ ಅಂತಿದ್ದ. ಹೋದ. ಅದಕ್ಕೆ ನೀನ್ಯಾಕೆ ಹೊಣೆ?” ಅಂಜನಮ್ಮ ಮೊರವನ್ನು ಪಕ್ಕಕ್ಕಿಟ್ಟರು. “ನಮ್ಮ ಯಜಮಾನ್ರು ಐವತ್ತು ವರ್ಷ ಈ ಬೀದೀಲಿದ್ದೋರು. ಆವತ್ತು ಇನ್ನೂರು ಜನ ಬಂದ್ರು. ಅತ್ರು, ಎದ್ರು, ಹೋದ್ರು. ಒಬ್ರೂ ಅವರಿಗೊಂದ್ ಮಾತು ಹೇಳಿ ಹೋಗ್ಲಿಲ್ಲ. ಶಾಸ್ತ್ರ, ಸರಿ. ಆದ್ರೆ ನೋಡ್ತಾ ಕೂತೋಳಿಗೆ ಹೊಟ್ಟೆ ಉರಿಯಲ್ವಾ? ನೀನೊಬ್ಳು ಅವರ ಕಡೆ ತಿರುಗಿ, ಬದುಕಿರೋರಿಗೆ ಹೇಳೋ ಹಂಗೆ, ಬರ್ತೀನಿ ಅಂದೆ. ಅಷ್ಟಕ್ಕೇ ನಾನು ನಲ್ಲಿಗೆ ಒತ್ತಿದ್ದು.”

ದಿವ್ಯಳ ಕೈಯಲ್ಲಿ ಮೊಬೈಲಿತ್ತು. ತಾನು ಮೊದಲು ಕೆಂಪು ಮಾಡಿದ ಮನೆ ಇದು. ಕಾಲೇ ಇಡಬೇಡ ಎಂದು ಅತ್ತೆಯನ್ನು ತಡೆದ ಮನೆ ಇದು. ಅವಳು ಮೊಬೈಲನ್ನು ಚೀಲಕ್ಕೆ ಹಾಕಿದಳು. ಮುದುಕಿಯ ಮುಖ ನೋಡುವ ಧೈರ್ಯ ಬರದೆ ಮೊರದಲ್ಲಿದ್ದ ಅಕ್ಕಿಯನ್ನೇ ನೋಡುತ್ತಾ ನಿಂತಳು.

ಕಾಫಿ ಬಂತು. ಕುಡಿದದ್ದಾಯಿತು. ಜಯದೇವಿ ಎದ್ದಳು, ಚಪ್ಪಲಿ ಮೆಟ್ಟಿಕೊಂಡಳು, ಕಣ್ಣೊರೆಸಿಕೊಂಡಳು. ಏನೂ ಹೇಳದೆ ಗೇಟಿನ ಕಡೆ ನಡೆದಳು.

“ಏನಮ್ಮಾ,” ಎಂದು ಹಿಂದಿನಿಂದ ಅಂಜನಮ್ಮ ಗದರಿದರು. “ಹೇಳ್ದೆ ಕೇಳ್ದೆ ಎದ್ದು ಹೋಗ್ತಿದೀಯಲ್ಲ. ಇದೇನು ಇನ್ನೂ ಸಾವಿನ ಮನೆನಾ?”

ಜಯದೇವಿ ಗೇಟಿನ ಸರಳು ಹಿಡಿದು ನಿಂತಳು. ಹೇಳಿಕೊಡಲು ದಿವ್ಯಳ ಹತ್ತಿರ ಈ ಸಲ ಏನೂ ಇರಲಿಲ್ಲ.

“ಬರ್ತೀನಿ,” ಎಂದಳು ಜಯದೇವಿ.

“ಯಾವಾಗ?”

“ನಾಳೆ ಬೆಳಗ್ಗೆ. ನಿಮ್ಮ ನೀರಿನ ಬಿಲ್ಲು ಇನ್ನೂ ಅವರ ಹೆಸರಲ್ಲೇ ಇರುತ್ತೆ ಅಂಜನಮ್ಮ. ಬದಲಾಯಿಸೋ ಅರ್ಜಿ ತರ್ತೀನಿ.”